ಮಕ್ಕಳ ಫುಟ್ಬಾಲಿನಲ್ಲೂ ಪಂಕ್ತಿಭೇದ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಮಕ್ಕಳಿರೋರು ಇನ್ನೂ ಸ್ವಲ್ಪ ನಿಧಾನಕ್ಕೆ ಓದಿ.

ಬೆಂಗಳೂರಿನ ಯಾವುದೇ ಫುಟ್ಬಾಲ್ ಟರ್ಫ್‌ಗೆ ಭಾನುವಾರ ಬೆಳಗ್ಗೆ ಹೋಗಿ ನಿಂತ್ಕೊಳ್ಳಿ. ಅಂಡರ್-10, ಅಂಡರ್-12 ಮ್ಯಾಚುಗಳು ನಡೀತಿರ್ತವೆ. ಚೆಂಡನ್ನು ಬಿಟ್ಟು ಕೋಚನ್ನು ನೋಡಿ. ಒಬ್ಬ ಹುಡುಗನನ್ನ ಮಾತ್ರ ಹೆಸರು ಹಿಡಿದು ಕೂಗ್ತಾನೆ. ಉಳಿದವರು "ಏಯ್ ಸೆವೆನ್", "ಏಯ್ ರೈಟ್ ಬ್ಯಾಕ್". ಪೆನಾಲ್ಟಿ, ಫ್ರೀ ಕಿಕ್, ಕಾರ್ನರ್ ಎಲ್ಲಾ ಆ ಒಬ್ಬನದ್ದೇ. ಅವನು ವಾರಪೂರ್ತಿ ಪ್ರಾಕ್ಟೀಸಿಗೆ ಬರದಿದ್ದರೂ ಭಾನುವಾರ ಮೊದಲ ಹನ್ನೊಂದರಲ್ಲಿ ಇರ್ತಾನೆ. ಅವನು ಪಾಸ್ ಕೊಡದೆ ಚೆಂಡು ಕಳ್ಕೊಂಡರೆ "ಪರವಾಗಿಲ್ಲ, ಒಳ್ಳೆ ಪ್ರಯತ್ನ". ಬೇರೆಯವನು ಕಳ್ಕೊಂಡರೆ ಮುಂದಿನ ನಿಮಿಷದಲ್ಲೇ ಹೊರಗೆ. ಬೆಂಚಿನ ಮೇಲೆ ಐದಾರು ಮಕ್ಕಳು ಶೂ ಲೇಸು ಬಿಚ್ಚೋದು, ಕಟ್ಟೋದು, ಮತ್ತೆ ಬಿಚ್ಚೋದು. ನಾಲ್ಕು ಗೋಲು ಮುಂದಿದ್ದಾಗ ಕೊನೆಯ ಐದು ನಿಮಿಷಕ್ಕೆ ಅವರನ್ನ ಒಳಗೆ ಬಿಡ್ತಾರೆ. ಎಲ್ಲರೂ ಉಂಡು ಎದ್ದ ಮೇಲೆ ಮಿಕ್ಕಿದ್ದನ್ನ ಬಡಿಸಿದ ಹಾಗೆ.

ಇದಕ್ಕೆ ನಾನು ಪಂಕ್ತಿಭೇದ ಅಂತಲೇ ಹೆಸರಿಡ್ತೀನಿ. ಒಂದೇ ಫೀಸು, ಒಂದೇ ಜರ್ಸಿ, ಒಂದೇ ಮೈದಾನ, ಆದರೆ ಬಡಿಸೋ ಸಾಲು ಬೇರೆ ಬೇರೆ. ಈ ಪದ ಜಾಸ್ತಿ ಆಯ್ತು ಅನ್ನೋರಿಗೆ ನನ್ನದು ಒಂದೇ ಪ್ರಶ್ನೆ: ನಿಮ್ಮ ಮಗು ಯಾವ ಸಾಲಿನಲ್ಲಿ ಕೂತಿದೆ?

ಇದು ಯಾಕೆ ಹೀಗೆ ನಡೆಯುತ್ತೆ ಅನ್ನೋದನ್ನ ಮೊದಲು ಅರ್ಥ ಮಾಡ್ಕೊಳ್ಳೋಣ. ಕೋಚ್‌ಗಳೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಅಕಾಡೆಮಿ ನಡೆಯೋದು ತಿಂಗಳ ಫೀಸಿನ ಮೇಲೆ. ಫೀಸು ಬರಬೇಕಾದರೆ ಹೊಸ ಅಡ್ಮಿಷನ್ ಬೇಕು. ಅಡ್ಮಿಷನ್ ಬೇಕಾದರೆ ಕಪ್ ಗೆದ್ದ ಫೋಟೋ ಬೇಕು, ರೀಲ್ಸ್ ಬೇಕು, "ನಮ್ಮ ಹುಡುಗ ಸ್ಟೇಟ್ ಟೀಮಿಗೆ ಸೆಲೆಕ್ಟ್" ಅನ್ನೋ ಫ್ಲೆಕ್ಸು ಬೇಕು. ಅದಕ್ಕೊಬ್ಬ ಸ್ಟಾರ್ ಬೇಕು. ಸ್ಟಾರ್‌ಗೆ ಫೀಸು ಮಾಫಿ, ಕಿಟ್ ಫ್ರೀ, ಟೂರ್ನಮೆಂಟಿಗೆ ಹೋಗೋ ಖರ್ಚು ಫ್ರೀ. ಆ ದುಡ್ಡು ಎಲ್ಲಿಂದ ಬರುತ್ತೆ? ಬೆಂಚಿನ ಮೇಲೆ ಕೂತಿರೋ ಮಕ್ಕಳ ಅಪ್ಪ ಅಮ್ಮನ ಜೇಬಿಂದ. ಆಡದ ಮಗುವಿನ ಫೀಸಿನಲ್ಲಿ ಆಡೋ ಮಗು ಬೆಳೆಯುತ್ತೆ. ದುಡಿಯೋನು ಒಬ್ಬ, ಉಣ್ಣೋನು ಇನ್ನೊಬ್ಬ. ಈ ಲೆಕ್ಕ ನಮಗೆ ಹೊಸದಲ್ಲವಲ್ಲ?

ಮೇಲಿನ ಹಂತದಲ್ಲೂ ಇದೇ. ಆಟಗಾರನೊಬ್ಬ ದೊಡ್ಡ ಮೊತ್ತಕ್ಕೆ ಅಂತರರಾಷ್ಟ್ರೀಯ ವರ್ಗಾವಣೆ ಆದಾಗ ಅದರ ಶೇ 5ರಷ್ಟನ್ನು ಅವನು 12ರಿಂದ 23ನೇ ವಯಸ್ಸಿನ ನಡುವೆ ಕಲಿತ ಕ್ಲಬ್‌ಗಳಿಗೆ ಹಂಚಬೇಕು ಅನ್ನೋದು ಫಿಫಾ ನಿಯಮ. ಸಣ್ಣ ಕ್ಲಬ್‌ಗಳು ಉಳಿಯಲಿ ಅಂತ ಮಾಡಿದ ಒಳ್ಳೆ ನಿಯಮ ಅದು. ಆದರೆ ಮಗುವನ್ನ ಲಾಟರಿ ಟಿಕೆಟ್ ಥರ ನೋಡೋ ಕಣ್ಣಿಗೆ ಅದು ಬೇರೇನೇ ಹೇಳುತ್ತೆ: ನೂರರಲ್ಲಿ ಒಂದು ಹೊಡೆದರೆ ಸಾಕು, ಉಳಿದ ತೊಂಬತ್ತೊಂಬತ್ತು ಹರಿದು ಬಿಸಾಕು.

ನಮ್ಮ ಅಕ್ಕನ ಮಗ ಅಂತಹ ಒಂದು ಕ್ಲಬ್ಬಿನಲ್ಲಿ ಎರಡು ವರ್ಷ ಇದ್ದ. ಬೆಳಗ್ಗೆ ಐದೂವರೆಗೆ ಎದ್ದು ಹೋಗ್ತಿದ್ದ, ಒಂದು ದಿನ ತಪ್ಪಿಸ್ತಿರಲಿಲ್ಲ. ಅವರಪ್ಪ ಆಟೋ ಓಡಿಸ್ತಾರೆ. ಮೂರು ದಿನದ ಒಂದು ಟೂರ್ನಮೆಂಟಿಗೆ ಎಂಟ್ರಿ ಫೀಸು, ಜರ್ಸಿ, ಊಟ ಅಂತ ಬೇರೆ ದುಡ್ಡು ಕಟ್ಟಿಸಿಕೊಂಡು ಕರ್ಕೊಂಡು ಹೋದರು. ಮೂರು ದಿನ ಸೇರಿ ಆಡಿಸಿದ್ದು ಏಳು ನಿಮಿಷ. ನಾನು ಹೋಗಿ ಕೇಳಿದೆ. ಕೋಚ್ ಮರ್ಯಾದೆಯಿಂದಲೇ ಮಾತಾಡಿದ್ರು. "ಸಾರ್, ಇಲ್ಲಿ ಜಾತಿ ಗೀತಿ ಏನಿಲ್ಲ ಸಾರ್, ಬರೀ ಮೆರಿಟ್" ಅಂದರು.

ನಾನು ಜಾತಿ ಅನ್ನೋ ಪದವನ್ನ ಬಾಯಿಂದ ತೆಗೆದೇ ಇರಲಿಲ್ಲ!

ಮೆರಿಟ್. ಈ ಪದದ ಜೊತೆ ನಮಗೆ ಹಳೇ ಸಹವಾಸ. ಮೆಡಿಕಲ್ ಸೀಟಲ್ಲಿ, ಬಡ್ತಿಯಲ್ಲಿ, ಕೋರ್ಟಿನಲ್ಲಿ, ಎಲ್ಲಾ ಕಡೆ ನಮ್ಮ ಬಾಗಿಲು ಮುಚ್ಚಕ್ಕೆ ಉಪಯೋಗಿಸಿದ ಅಗುಳಿ ಅದು. ಈಗ ಹತ್ತು ವರ್ಷದ ಮಕ್ಕಳ ಆಟಕ್ಕೂ ಬಂದಿದೆ. ಆಯ್ತು, ಹಾಗಾದರೆ ಹತ್ತು ವರ್ಷದ ಮಗುವಿನ ಮೆರಿಟ್ ಅಂದರೆ ಏನು ಅಂತ ಬಿಚ್ಚಿ ನೋಡೋಣ.

ಒಂದು, ಹುಟ್ಟಿದ ತಿಂಗಳು. ವಯೋಮಿತಿ ಲೆಕ್ಕ ಸಾಮಾನ್ಯವಾಗಿ ಜನವರಿ 1ಕ್ಕೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ ಹತ್ತಿರ ಹತ್ತಿರ ಹನ್ನೆರಡು ತಿಂಗಳು. ಹತ್ತು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಬದುಕಿನ ಹತ್ತನೇ ಒಂದು ಪಾಲು ಕಣ್ರೀ! ಮೊದಲನೆಯವನು ಎತ್ತರ ಇರ್ತಾನೆ, ಜೋರಾಗಿ ಓಡ್ತಾನೆ, ದೂರ ಒದೀತಾನೆ. ಅವನೇ ಸ್ಟಾರ್. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಯಾಕೆ ತುಂಬಿದ್ದಾರೆ ಅಂತ 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತವರ ಸಂಗಡಿಗರು ತೋರಿಸಿಕೊಟ್ಟರು. ಆಮೇಲೆ ದೇಶ ದೇಶಗಳ ಯುವ ಫುಟ್ಬಾಲಿನಲ್ಲೂ ಅದೇ ಕಾಣಿಸಿತು. ಇದು ಕೋಚ್‌ಗಳಿಗೆ ಗೊತ್ತಿಲ್ಲದ ಗುಟ್ಟೇನಲ್ಲ.

ಎರಡು, ಸರ್ಟಿಫಿಕೇಟು. ನಮ್ಮಲ್ಲಿ ವಯಸ್ಸು ಕಡಿಮೆ ತೋರಿಸಿ ಆಡಿಸೋ ದಂಧೆ ಯಾರಿಗೆ ಗೊತ್ತಿಲ್ಲ? ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡೋ ಟಿಡಬ್ಲ್ಯೂ3 ಪರೀಕ್ಷೆ ಈ ದೇಶದ ಕ್ರೀಡಾ ಸಂಸ್ಥೆಗಳಿಗೆ ಯಾಕೆ ಬೇಕಾಯ್ತು? ಮೀಸೆ ಚಿಗುರಿದವನು ಹಾಲುಹಲ್ಲಿನವನ ಮುಂದೆ ಸ್ಟಾರ್ ಆಗೋದರಲ್ಲಿ ಯಾವ ಮೆರಿಟ್ ಇದೆ?

ಮೂರು, ಮನೆ. ಒಬ್ಬನಿಗೆ ಪರ್ಸನಲ್ ಕೋಚ್, ಕಾರಿನಲ್ಲಿ ಡ್ರಾಪ್, ಮೊಟ್ಟೆ ಮಾಂಸದ ಊಟ, ಕಾಲು ಬೆಳೆದಂತೆ ಹೊಸ ಬೂಟು. ಇನ್ನೊಬ್ಬನಿಗೆ ಎರಡು ಬಸ್ಸು, ಅಣ್ಣ ಹಾಕಿ ಬಿಟ್ಟ ಬೂಟು, ಮುಂಭಾಗಕ್ಕೆ ಬಟ್ಟೆ ತುರುಕಿದ್ದು. ಇಬ್ಬರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಸೀಟಿ ಊದಿದರೆ ಅದು ಸಮಾನತೆ ಆಗಲ್ಲ.

ನಾಲ್ಕು, ಆಡಿಸೋದು. ಆಡಿದ ಮಗು ಕಲಿಯುತ್ತೆ, ಕಲಿತ ಮಗುವನ್ನ ಮತ್ತೆ ಆಡಿಸ್ತಾರೆ. ಆಡಿಸದ ಮಗು ಹಿಂದೆ ಬೀಳುತ್ತೆ, ಹಿಂದೆ ಬಿದ್ದಿದೆ ಅಂತಲೇ ಅದನ್ನ ಆಡಿಸಲ್ಲ. ಎರಡು ವರ್ಷ ಆದ ಮೇಲೆ "ನೋಡಿ ಸಾರ್, ಎಷ್ಟು ವ್ಯತ್ಯಾಸ" ಅಂತ ತೋರಿಸ್ತಾರೆ. ಶಾಲೆಗೆ ಸೇರಿಸಿಕೊಳ್ಳದೆ "ಇವರಿಗೆ ವಿದ್ಯೆ ಹತ್ತಲ್ಲ" ಅಂದ ಬಾಯಿಯ ಮಾತೇ ಇದು. ವ್ಯತ್ಯಾಸ ಮಾಡಿದವರೇ ಬಂದು ವ್ಯತ್ಯಾಸವನ್ನ ಸಾಕ್ಷಿ ಹೇಳಿಸ್ತಾರೆ.

ಇಷ್ಟಾಗಿಯೂ ಇವರ ಕಣ್ಣು ಸರಿಯಾಗಿದೆಯಾ? ಇಂಗ್ಲೆಂಡಿನ ಹ್ಯಾರಿ ಕೇನ್‌ನನ್ನ ಆರ್ಸೆನಲ್ ಚಿಕ್ಕ ಹುಡುಗನಾಗಿದ್ದಾಗಲೇ ಸಾಕು ಹೋಗು ಅಂತ ಕಳಿಸಿಬಿಟ್ಟಿತ್ತು. ಮುಂದೆ ಅವನೇ ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಹೊಡೆದವನಾದ. ಜೇಮಿ ವಾರ್ಡಿಯನ್ನ 16ನೇ ವಯಸ್ಸಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಗಿಡ್ಡ ಅಂತ ಕೈಬಿಟ್ಟಿತು. ಅವನು 2016ರಲ್ಲಿ ಲೆಸ್ಟರ್ ತಂಡದ ಜೊತೆ ಪ್ರೀಮಿಯರ್ ಲೀಗ್ ಗೆದ್ದ. ಕೋಟಿಗಟ್ಟಲೆ ಸುರಿಯೋ ಕ್ಲಬ್‌ಗಳ ಪರಿಣತರ ಕಣ್ಣೇ ಇಷ್ಟು ತಪ್ಪಾದರೆ, ನಮ್ಮ ಬಡಾವಣೆ ಟರ್ಫ್‌ನ ಕೋಚ್ ಒಂಬತ್ತು ವರ್ಷದ ಮಗುವಿನ ಹಣೆಬರಹ ಓದಿಬಿಡ್ತಾನಾ?

ಈಗ ಇನ್ನೊಂದು ಮಾತಿಗೆ ಬರ್ತೀನಿ. "ನಮ್ಮ ಸ್ಟಾರ್ ಹುಡುಗ ಸ್ಲಮ್ಮಿನಿಂದಲೇ ಬಂದವನು, ನಿಮ್ಮವನೇ" ಅಂತ ಬಾಯಿ ಮುಚ್ಚಿಸೋರು ಇದ್ದಾರೆ. ಇದ್ದಾನೆ, ಗೊತ್ತು. ಫ್ಲೆಕ್ಸಿನಲ್ಲಿ ಅವನ ಮುಖ ನೋಡಿದ್ದೀನಿ. ಒಂದು ಕ್ಲಬ್ಬಿಗೆ ಒಬ್ಬ. ಅವನನ್ನ ತೋರಿಸಿ ಸಿಎಸ್‌ಆರ್ ದುಡ್ಡು ಎತ್ತಬಹುದು, ಅವನನ್ನ ತೋರಿಸಿ "ನಮ್ಮಲ್ಲಿ ಭೇದ ಇಲ್ಲ" ಅನ್ನಬಹುದು. ಅವನ ತಮ್ಮ, ಅವನ ಪಕ್ಕದ ಮನೆಯ ಹುಡುಗಿ, ಅವನ ಬೀದಿಯ ಇನ್ನಿಪ್ಪತ್ತು ಮಕ್ಕಳು ಟರ್ಫ್‌ನ ಬಲೆಯ ಹೊರಗೆ ನಿಂತು ನೋಡ್ತಿರ್ತಾರೆ. ಒಬ್ಬನಿಗೆ ಬಾಗಿಲು ತೆಗೆದು ಬೀದಿಗೆ ಬಾಗಿಲು ಹಾಕೋ ಉಪಾಯ ಇದು.

ಆ ಹುಡುಗನ ಸ್ಥಿತಿಯನ್ನಾದರೂ ಕೇಳಿ. ಒಂದೇ ದಿನ ಅಂಡರ್-13ಗೂ ಆಡಬೇಕು, ಅಂಡರ್-15ಗೂ ಆಡಬೇಕು. ಮಂಡಿ ನೋವು ಅಂದರೆ ಸ್ಪ್ರೇ ಹೊಡೆದು ಒಳಗೆ ಬಿಡ್ತಾರೆ. ಟೂರ್ನಮೆಂಟ್ ಅಂತ ಶಾಲೆ ತಪ್ಪುತ್ತೆ, ಹತ್ತನೇ ಕ್ಲಾಸು ಕೈಕೊಡುತ್ತೆ. ಹದಿನಾರಕ್ಕೆ ಮಂಡಿ ಹೋದರೆ ಕ್ಲಬ್ಬಿಂದ ಒಂದು ಫೋನೂ ಬರಲ್ಲ. ಫ್ಲೆಕ್ಸಿನಲ್ಲಿ ಹೊಸ ಮುಖ ಬಂದಿರುತ್ತೆ. ಅಂಥ ಹುಡುಗರನ್ನ ನಾನು ನೋಡಿದ್ದೀನಿ. ಇವತ್ತು ಡೆಲಿವರಿ ಬ್ಯಾಗ್ ಹೊತ್ಕೊಂಡು ಅದೇ ಟರ್ಫ್‌ನ ಮುಂದೆ ಸಿಗ್ನಲ್ಲಿನಲ್ಲಿ ನಿಂತಿರ್ತಾರೆ. ತಾರತಮ್ಯ ಬೆಂಚಿನ ಮಗುವನ್ನ ಹಸಿವಿನಿಂದ ಕೊಂದರೆ ಸ್ಟಾರ್ ಮಗುವನ್ನ ದುಡಿಸಿ ಕೊಲ್ಲುತ್ತೆ.

ಸ್ಟಾರ್ ಆಗಿಬಿಟ್ಟರೆ ಜಾತಿ ಬಿಟ್ಟುಹೋಗುತ್ತೆ ಅನ್ನೋ ಭ್ರಮೆ ಇರೋರು ಎರಡು ಹೆಸರು ನೆನಪಿಟ್ಕೊಳ್ಳಿ.

ಒಂದು ಪಾಲ್ವಣಕರ್ ಬಾಳೂ. ಕ್ರಿಕೆಟ್ಟಿನ ಕಥೆ, ಆದರೆ ನಮ್ಮ ಮಣ್ಣಿನದ್ದೇ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಸಮುದಾಯದವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಪಿಚ್ ನೋಡಿಕೊಳ್ತಾ, ನೆಟ್ಸಿನಲ್ಲಿ ಅವರಿಗೆ ಬೌಲ್ ಮಾಡ್ತಾ ಎಡಗೈ ಸ್ಪಿನ್ನಿನಲ್ಲಿ ಪಳಗಿದರು. ಬಿಳಿಯರನ್ನ ಸೋಲಿಸಕ್ಕೆ ಹಿಂದೂ ಕ್ಲಬ್ಬಿಗೆ ಅವರ ಬೌಲಿಂಗ್ ಬೇಕಾಯ್ತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡು ಎಲ್ಲರಿಗೂ ಆಗ್ತಿತ್ತು. ಟೀ ವಿರಾಮದಲ್ಲಿ ಅವರಿಗೆ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಅಷ್ಟಾದರೂ ತಂಡದ ನಾಯಕತ್ವ ಕೊಡಲಿಲ್ಲ. ತಮ್ಮಂದಿರು 1920ರಲ್ಲಿ ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತರು. ಕೊನೆಗೆ 1923ರಲ್ಲಿ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ಆ ಬಾಗಿಲು ತೆಗೆದದ್ದು ಬಾಳೂ ಅವರ ವಿಕೆಟ್‌ಗಳಷ್ಟೇ ಅಲ್ಲ, ತಮ್ಮಂದಿರ ಪ್ರತಿಭಟನೆಯೂ ಹೌದು. ಇದನ್ನ ಮರೀಬೇಡಿ.

ಇನ್ನೊಂದು ವಂದನಾ ಕಟಾರಿಯಾ. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಹೊಡೆದ ಹೆಣ್ಣುಮಗಳು. ಒಲಿಂಪಿಕ್ ಹಾಕಿಯಲ್ಲಿ ಹ್ಯಾಟ್ರಿಕ್ ಹೊಡೆದ ಭಾರತದ ಮೊದಲ ಮಹಿಳೆ. ಕೆಲವೇ ದಿನದಲ್ಲಿ ತಂಡ ಸೆಮಿಫೈನಲ್ ಸೋತಾಗ ಹರಿದ್ವಾರದ ಹತ್ತಿರ ಅವರ ಮನೆ ಮುಂದೆ ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಜಾಸ್ತಿ ಆದದ್ದಕ್ಕೇ ಸೋಲು ಅಂತ ಜಾತಿ ಹಿಡಿದು ಬೈದರು. ಗೆದ್ದಾಗ ದೇಶದ ಮಗಳು, ಸೋತಾಗ ಕೇರಿಯ ಮಗಳು. ಸ್ಟಾರ್‌ಗಿರಿ ನಮ್ಮನ್ನ ಕಾಪಾಡಲ್ಲ ಸ್ನೇಹಿತರೇ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ವ್ಯಕ್ತಿಪೂಜೆ ಬಗ್ಗೆ ಎಚ್ಚರಿಸಿದ್ದರು. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅನ್ನೋ ಅರ್ಥದಲ್ಲಿ ಹೇಳಿದ್ದು. ನಾನದನ್ನ ಮಕ್ಕಳ ಮೈದಾನಕ್ಕೂ ತರ್ತೀನಿ. ಹತ್ತು ವರ್ಷದ ಹತ್ತು ಮಕ್ಕಳಿಗೆ "ನಿಮ್ಮ ಕೆಲಸ ಆ ಒಬ್ಬನಿಗೆ ಚೆಂಡು ತಲುಪಿಸೋದು ಅಷ್ಟೇ" ಅಂತ ವರ್ಷಗಟ್ಟಲೆ ಹೇಳಿಕೊಟ್ಟರೆ ಅವರು ಕಲಿಯೋದು ಫುಟ್ಬಾಲ್ ಅಲ್ಲ, ಗುಲಾಮಗಿರಿ. ಆ ಒಬ್ಬ ಕಲಿಯೋದು ದೊರೆತನ.

ಈ ಊರಿನ ಫುಟ್ಬಾಲ್ ಹೀಗೆ ಹುಟ್ಟಿದ್ದಲ್ಲ. ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ತಮಿಳು ಮಾತಾಡೋ ದಲಿತ ಕುಟುಂಬಗಳೇ ಹೆಚ್ಚಿರೋ ಬಡಾವಣೆ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ಪೆಲೆಯ ಪ್ರತಿಮೆಯೂ ಇದೆ. ದಂಡು ಪ್ರದೇಶದ ಗಲ್ಲಿಗಳಲ್ಲಿ ಬರಿಗಾಲಲ್ಲಿ ಆಡಿದ ಊರು ಇದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ 2-1ರಿಂದ ಸೋತಾಗ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅವತ್ತು ನಮ್ಮ ತಂಡದ ಹೆಚ್ಚಿನವರ ಕಾಲಲ್ಲಿ ಬೂಟು ಇರಲಿಲ್ಲ. ಮೈಸೂರು ರಾಜ್ಯ 1946-47ರಿಂದ 1968-69ರ ಒಳಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ ಕರ್ನಾಟಕ ಅದನ್ನ ಮತ್ತೆ ಎತ್ತಿದ್ದು 54 ವರ್ಷ ಆದ ಮೇಲೆ, 2023ರ ಮಾರ್ಚಿನಲ್ಲಿ, ರಿಯಾದಿನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ. ನಡುವಿನ ಬರಗಾಲಕ್ಕೆ ಕಾರಣ ನೂರಿರಬಹುದು. ಆದರೆ ಬೀದಿ ಮಕ್ಕಳು ದುಡ್ಡಿಲ್ಲದೆ ಆಡ್ತಿದ್ದ ಬಯಲುಗಳಿಗೆ ಬೇಲಿ ಬಿದ್ದು, ಗಂಟೆಗಿಷ್ಟು ಬಾಡಿಗೆ ಅಂತ ಬೋರ್ಡು ಬಿದ್ದದ್ದಂತೂ ನಮ್ಮ ಕಣ್ಣ ಮುಂದೆಯೇ.

"ಎಲ್ಲರನ್ನೂ ಆಡಿಸಿದರೆ ಚಾಂಪಿಯನ್ ಹುಟ್ಟಲ್ಲ" ಅನ್ನೋರಿಗೆ ನಾರ್ವೆ ಉದಾಹರಣೆ ಸಾಕು. ಅಲ್ಲಿ ಮಕ್ಕಳ ಕ್ರೀಡೆಗೆ ಅಂತಲೇ ದೇಶಕ್ಕೆಲ್ಲಾ ಒಂದೇ ನಿಯಮ ಇದೆ. 11 ವರ್ಷ ತುಂಬೋವರೆಗೆ ಪಾಯಿಂಟ್ ಪಟ್ಟಿ, ರ್‍ಯಾಂಕಿಂಗ್ ಇಲ್ಲ. 13ಕ್ಕೆ ಮುಂಚೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಆಟ ಮಗುವಿನ ಹಕ್ಕು ಅಂತ ಬರೆದಿಟ್ಟಿದ್ದಾರೆ. ಅಲ್ಲಿಂದಲೇ ಎರ್ಲಿಂಗ್ ಹಾಲಂಡ್ ಬಂದ. 2018ರಲ್ಲಿ ಮಹಿಳೆಯರಿಗೆ ಕೊಟ್ಟ ಮೊದಲ ಬ್ಯಾಲನ್ ಡಿ'ಓರ್ ಗೆದ್ದ ಆದಾ ಹೆಗರ್‌ಬರ್ಗ್ ಕೂಡ ಅಲ್ಲಿಯವಳೇ. ನಮ್ಮ ಬೆಂಗಳೂರಿನ ಅರ್ಧದಷ್ಟೂ ಜನಸಂಖ್ಯೆ ಇಲ್ಲದ ದೇಶ ಅದು.

"ಹಾಗಾದರೆ ಚೆನ್ನಾಗಿ ಆಡೋ ಮಗುವಿಗೆ ಅನ್ಯಾಯ ಅಲ್ವಾ?" ಅಂತ ಕೇಳ್ತೀರಿ. ಅಲ್ಲ. ಅವನೂ ಆಡಲಿ, ಅವನಿಗೂ ಕಲಿಸಿ. ಅವನ ಮಟ್ಟಕ್ಕೆ ಕಷ್ಟದ ಅಭ್ಯಾಸ ಕೊಡಿ, ಯಾರು ಬೇಡ ಅಂದರು? ಇನ್ನೊಬ್ಬನ ಪಾಲಿನ ನಿಮಿಷ ಕಿತ್ಕೊಂಡು ಅವನಿಗೆ ಕೊಡಬೇಡಿ ಅಷ್ಟೇ. ಹದಿನೆಂಟರ ಮೇಲೆ, ಸಂಬಳಕ್ಕೆ ಆಡೋ ತಂಡದಲ್ಲಿ, ಚೆನ್ನಾಗಿ ಆಡೋರನ್ನೇ ಆಡಿಸಿ. ನಾನು ಮಾತಾಡ್ತಿರೋದು ಹಲ್ಲು ಬಿದ್ದು ಹುಟ್ಟೋ ವಯಸ್ಸಿನ ಮಕ್ಕಳ ಬಗ್ಗೆ.

"ಖಾಸಗಿ ಕ್ಲಬ್ಬು, ನಮ್ಮಿಷ್ಟ" ಅನ್ನೋದು ಕೊನೆಯ ಮಾತು. ಪಾಲಿಕೆ ಮೈದಾನ, ಸರ್ಕಾರಿ ಶಾಲೆ ಬಯಲು ಗುತ್ತಿಗೆಗೆ ತಗೊಂಡು ನಡೆಸೋರು ಈ ಮಾತು ಆಡಂಗಿಲ್ಲ. ನೆಲ ಸಾರ್ವಜನಿಕರದ್ದು. ಕೆರೆ ಊರಿನದ್ದು, ನೀರು ಮಾತ್ರ ನಮ್ಮಿಷ್ಟ ಅಂದೋರಿಗೆ 1927ರಲ್ಲಿ ಮಹಾಡದಲ್ಲೇ ಉತ್ತರ ಕೊಟ್ಟಾಗಿದೆ.

ಇನ್ನು ನಮ್ಮವರಿಗೊಂದು ಮಾತು. ಬೇಜಾರಾದರೂ ಹೇಳಲೇಬೇಕು. ಏಪ್ರಿಲ್ 14ಕ್ಕೆ ಅಂತ ನಮ್ಮ ಕೇರಿಗಳಲ್ಲಿ ಅಂಬೇಡ್ಕರ್ ಕಪ್ ನಡೆಸ್ತೀವಲ್ಲ, ಅಲ್ಲೇನಾಗ್ತಿದೆ? ಕಪ್ ಗೆಲ್ಲಬೇಕು ಅಂತ ದುಡ್ಡು ಕೊಟ್ಟು ಹೊರಗಿಂದ ಆಟಗಾರರನ್ನ ಕರೆಸ್ತಾರೆ. ಬೀದಿ ಹೆಸರಿನ ಜರ್ಸಿ ಹಾಕ್ಕೊಂಡು ಆ ಬೀದಿಯನ್ನೇ ನೋಡದವರು ಆಡ್ತಾರೆ. ಬೀದಿ ಹುಡುಗರು ಗೆರೆ ಎಳೆಯೋದು, ನೀರು ಕೊಡೋದು, ಶಿಳ್ಳೆ ಹೊಡೆಯೋದು. ಹುಡುಗಿಯರನ್ನಂತೂ ಕೇಳಲೇಬೇಡಿ. ಬಾಬಾಸಾಹೇಬರ ಫೋಟೋ ಇಟ್ಟ ವೇದಿಕೆ ಮುಂದೆ ನಮ್ಮ ಮಕ್ಕಳನ್ನ ನಾವೇ ಬೆಂಚಿನ ಮೇಲೆ ಕೂರಿಸಿ, ಅಕಾಡೆಮಿಯವರನ್ನ ಯಾವ ಬಾಯಲ್ಲಿ ಕೇಳೋದು?

ನಾನು ಕೇಳ್ತಿರೋದು ಇಷ್ಟು:

1. 14 ವರ್ಷದ ಒಳಗಿನ ಯಾವುದೇ ಟೂರ್ನಮೆಂಟಿನಲ್ಲಿ ತಂಡದ ಪಟ್ಟಿಯಲ್ಲಿರೋ ಪ್ರತಿ ಮಗುವೂ ಕನಿಷ್ಠ ಅರ್ಧ ಆಟ ಆಡಬೇಕು. ಇದನ್ನ ರಾಜ್ಯ ಸಂಸ್ಥೆ ನಿಯಮ ಮಾಡಲಿ. ನಿಮಿಷದ ಲೆಕ್ಕ ಬರೆದಿಡಲಿ, ತಂದೆ ತಾಯಿ ಕೇಳಿದರೆ ತೋರಿಸಲಿ.

2. ಯಾರಿಗೆ ಫೀಸು ಮಾಫಿ, ಯಾವ ಆಧಾರದ ಮೇಲೆ ಅನ್ನೋದು ಬರವಣಿಗೆಯಲ್ಲಿ ಇರಲಿ. ರಿಯಾಯಿತಿ ಬಡತನ ನೋಡಿ ಕೊಡಿ, ಗೋಲು ಎಣಿಸಿ ಅಲ್ಲ.

3. ಸಾರ್ವಜನಿಕ ಮೈದಾನದ ಗುತ್ತಿಗೆಯಲ್ಲೇ ಷರತ್ತು ಬರಲಿ: ಸುತ್ತಲಿನ ಬಡಾವಣೆ ಮಕ್ಕಳಿಗೆ ಉಚಿತ ಸೀಟು, ಉಚಿತ ಗಂಟೆ. ಒಬ್ಬ ಪೋಸ್ಟರ್ ಹುಡುಗ ಸಾಲದು.

4. ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಜನಸಂಖ್ಯೆಗೆ ತಕ್ಕಂತೆ ಶೇ 24.1ರಷ್ಟು ಹಣ ಮೀಸಲಿಡಬೇಕು ಅನ್ನುತ್ತೆ. ಅದರಲ್ಲಿ ನಮ್ಮ ಕಾಲೊನಿಗಳಿಗೆ ಮೈದಾನ, ಕೋಚು, ಬೂಟು ಯಾಕೆ ಬರಬಾರದು?

5. ಆಡುವಾಗ ಗಾಯವಾದ ಮಗುವಿನ ಚಿಕಿತ್ಸೆ ಕ್ಲಬ್ಬಿನ ಹೊಣೆ. ವಿಮೆ ಇಲ್ಲದೆ ಟೂರ್ನಮೆಂಟಿಗೆ ಅನುಮತಿ ಕೊಡಬೇಡಿ.

6. ನಮ್ಮ ಅಂಬೇಡ್ಕರ್ ಕಪ್‌ಗಳಲ್ಲಿ ಬರೋ ವರ್ಷದಿಂದ ಹೊರಗಿನ ಬಾಡಿಗೆ ಆಟಗಾರರು ಬೇಡ. ಹುಡುಗಿಯರ ತಂಡ ಇಲ್ಲದ ಬೀದಿಗೆ ಎಂಟ್ರಿ ಬೇಡ.

ನಮ್ಮ ಅಕ್ಕನ ಮಗ ಕ್ಲಬ್ ಬಿಟ್ಟ. ಫುಟ್ಬಾಲ್ ಬಿಟ್ಟಿಲ್ಲ, ಅದೇ ಸಮಾಧಾನ. ಎಷ್ಟೋ ಮಕ್ಕಳು ಎರಡನ್ನೂ ಬಿಟ್ಟು, "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನೋ ಮಾತನ್ನ ಮನಸ್ಸಲ್ಲಿ ಇಟ್ಕೊಂಡು ದೊಡ್ಡವರಾಗ್ತಾರೆ. ಆ ಮಾತು ನಮ್ಮ ತಾತಂದಿರಿಗೂ ಹೇಳಿಕೊಟ್ಟಿದ್ದರು. ಅದನ್ನ ಬಾಯಿಂದ ತೆಗೆಯಕ್ಕೆ ಮೂರು ತಲೆಮಾರು ಬೇಕಾಯ್ತು. ಈಗ ಫೀಸು ಕಟ್ಟಿ ಮತ್ತೆ ಅದೇ ಪಾಠ ಕಲಿಸಕ್ಕೆ ನಾನಂತೂ ತಯಾರಿಲ್ಲ.

ಬರೋ ಭಾನುವಾರ ನಿಮ್ಮ ಏರಿಯಾದ ಮೈದಾನಕ್ಕೆ ಹೋಗಿ. ಮೊಬೈಲಿನಲ್ಲಿ ಗೋಲು ಶೂಟ್ ಮಾಡಬೇಡಿ. ಬೆಂಚಿನ ಮೇಲೆ ಎಷ್ಟು ಮಕ್ಕಳಿದ್ದಾರೆ, ಯಾರು ಎಷ್ಟು ನಿಮಿಷ ಆಡಿದರು ಅಂತ ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಮ್ಯಾಚ್ ಮುಗಿದ ಮೇಲೆ ಕೋಚ್ ಹತ್ತಿರ ಹೋಗಿ ಮರ್ಯಾದೆಯಿಂದ ಕೇಳಿ. ಒಬ್ಬರು ಕೇಳಿದರೆ ತಲೆಹರಟೆ ಅಂತಾರೆ. ಹತ್ತು ಜನ ಒಟ್ಟಿಗೆ ಕೇಳಿ, ಉತ್ತರ ಬರುತ್ತೆ. ಆ ಚೀಟಿಯನ್ನ ನನಗೂ ಕಳಿಸಿ. ಲೆಕ್ಕ ಎಲ್ಲಾ ಒಟ್ಟುಮಾಡಿ ಕ್ರೀಡಾ ಇಲಾಖೆಗೆ ತಗೊಂಡು ಹೋಗೋಣ.

ಜೈಭೀಮ್.